ಟಿವಿಯಲ್ಲಿ ಚಕ್ರ ತಿರುಗುತ್ತಿದೆಯಾ? ಪ್ಲಾನ್ ಬದಲಿಸುವ ಮೊದಲು ಮನೆಯಲ್ಲೇ ಮಾಡಬಹುದಾದ ತಪಾಸಣೆ

ಸಿನಿಮಾ ನಡುವೆ ಚಕ್ರ ತಿರುಗತೊಡಗಿದರೆ ನಾವು ಮೊದಲು ಫೋನ್ ಮಾಡುವುದು ನೆಟ್‌ನವರಿಗೆ. ಆ ಕಡೆಯಿಂದ ಬರುವ ಉತ್ತರವೂ ಗೊತ್ತಿರುವುದೇ: "ಪ್ಲಾನ್ ಸ್ವಲ್ಪ ದೊಡ್ಡದು ಮಾಡ್ಕೊಳ್ಳಿ ಸರ್." ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಕೊಡುತ್ತೇವೆ. ಎರಡು ದಿನ ಚೆನ್ನಾಗಿ ಓಡಿದಂತೆ ಅನಿಸುತ್ತದೆ. ಮೂರನೇ ದಿನ ಮತ್ತೆ ಅದೇ ಚಕ್ರ.

ಲೆಕ್ಕ ಹಾಕಿ ನೋಡಿ. ನೆಟ್‌ಫ್ಲಿಕ್ಸ್‌ನವರೇ ಹೇಳುವಂತೆ ಫುಲ್ ಎಚ್‌ಡಿ ನೋಡಲು 5 ಎಂಬಿಪಿಎಸ್ (ನೆಟ್ ವೇಗದ ಅಳತೆ) ಸಾಕು, 4ಕೆ ನೋಡಲು 15 ಸಾಕು. ಯೂಟ್ಯೂಬ್ 4ಕೆಗೆ 20 ಕೇಳುತ್ತದೆ. ನಮ್ಮ ಊರುಗಳಲ್ಲಿ ಸಿಗುವ ಸಾಧಾರಣ ಫೈಬರ್ ಪ್ಲಾನ್ 30, 40 ಅಥವಾ 50 ಎಂಬಿಪಿಎಸ್. ಒಂದು ಟಿವಿ, ಮೂರು ನಾಲ್ಕು ಫೋನ್ ಇರುವ ಮನೆಗೆ ಇದು ಧಾರಾಳ. ಆದರೂ ವಿಡಿಯೋ ನಿಲ್ಲುತ್ತಿದ್ದರೆ ವೇಗ ದಾರಿಯಲ್ಲಿ ಎಲ್ಲೋ ಸೋರಿ ಹೋಗುತ್ತಿದೆ. ಆ ಜಾಗ ಯಾವುದು ಎಂದು ಮೊದಲು ಕಂಡುಹಿಡಿಯಬೇಕು. ಅದಕ್ಕೆ ಬೇಕಾಗಿರುವುದು ಒಂದು ಫೋನ್, ಒಂದು ಚೀಟಿ, ಒಂದು ಸಂಜೆಯ ತಾಳ್ಮೆ.

ವಿಡಿಯೋ ಬರುವ ದಾರಿ

ಈ ದಾರಿಯಲ್ಲಿ ನಾಲ್ಕು ಭಾಗಗಳಿವೆ. ಒಂದು, ಆ್ಯಪ್‌ನವರ ಸರ್ವರ್‌ನಿಂದ ನಿಮ್ಮ ನೆಟ್ ಕಂಪನಿಯವರೆಗೆ. ಎರಡು, ಕಂಪನಿಯಿಂದ ನಿಮ್ಮ ಗೋಡೆಯ ಮೇಲಿರುವ ಫೈಬರ್ ಮೋಡೆಮ್‌ವರೆಗೆ. ಮೂರು, ಮೋಡೆಮ್‌ನಿಂದ ಟಿವಿಯವರೆಗೆ. ಹೆಚ್ಚಿನ ಮನೆಗಳಲ್ಲಿ ಇದು ವೈಫೈ. ನಾಲ್ಕು, ಟಿವಿ ಅಥವಾ ಅದಕ್ಕೆ ಸಿಕ್ಕಿಸಿರುವ, ಫೈರ್ ಟಿವಿಯಂಥ ಸ್ಟಿಕ್. ಒಂದು ಸಲಕ್ಕೆ ಒಂದು ಭಾಗವನ್ನು ಮಾತ್ರ ಪರೀಕ್ಷೆ ಮಾಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದೇ ಇಲ್ಲ.

ಇನ್ನೊಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ವಿಡಿಯೋ ಕೆಲವು ಸೆಕೆಂಡಿನ ಚಿಕ್ಕ ಚಿಕ್ಕ ತುಣುಕುಗಳಾಗಿ ಬರುತ್ತದೆ. ಟಿವಿ ಮುಂದಿನ ತುಣುಕುಗಳನ್ನು ಮೊದಲೇ ತರಿಸಿ ಇಟ್ಟುಕೊಳ್ಳುತ್ತದೆ. ಆ ದಾಸ್ತಾನೇ ಬಫರ್. ವೇಗ ಕುಸಿದರೆ ಆ್ಯಪ್ ಮೊದಲು ಚಿತ್ರದ ಗುಣಮಟ್ಟ ಇಳಿಸುತ್ತದೆ. ಮುಖಗಳು ಮಸುಕಾಗುತ್ತವೆ, ಅಕ್ಷರಗಳು ಒಡೆದಂತೆ ಕಾಣುತ್ತವೆ. ಅದೂ ಸಾಲದಿದ್ದರೆ ದಾಸ್ತಾನು ಖಾಲಿಯಾಗಿ ಚಕ್ರ ತಿರುಗುತ್ತದೆ. ಹಾಗಾಗಿ ವಿಡಿಯೋಗೆ ಬೇಕಾಗಿರುವುದು ದೊಡ್ಡ ಅಂಕಿಗಿಂತ ಹೆಚ್ಚಾಗಿ ನಿಲ್ಲದೆ ಬರುವ ವೇಗ. ಒಮ್ಮೆ 100 ಬಂದು, ನಡುನಡುವೆ ಅರ್ಧ ನಿಮಿಷ ಏನೂ ಬಾರದ ಲೈನ್‌ಗಿಂತ, ಸತತವಾಗಿ 10 ಬರುವ ಲೈನ್ ಎಷ್ಟೋ ಮೇಲು.

ಮೊದಲ ಹೆಜ್ಜೆ: ನಿಲ್ಲುತ್ತಿರುವುದು ನೆಟ್ಟೋ, ಟಿವಿಯೋ?

ಟಿವಿಯ ಯೂಟ್ಯೂಬ್ ಆ್ಯಪ್‌ನಲ್ಲಿ ಯಾವುದಾದರೂ ಉದ್ದದ ವಿಡಿಯೋ ಹಾಕಿ. ಓಡುತ್ತಿರುವಾಗಲೇ ಸೆಟ್ಟಿಂಗ್ಸ್ ಚಿಹ್ನೆ ಒತ್ತಿದರೆ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬ ಆಯ್ಕೆ ಸಿಗುತ್ತದೆ. ಆನ್ ಮಾಡಿ. ಪರದೆಯ ಮೇಲೆ ಒಂದಿಷ್ಟು ಅಂಕಿಗಳು ಬರುತ್ತವೆ. ಅವುಗಳಲ್ಲಿ 'ಬಫರ್ ಹೆಲ್ತ್' ಎಂಬ ಸಾಲು ಮುಖ್ಯ. ಮುಂದೆ ಎಷ್ಟು ಸೆಕೆಂಡಿನ ವಿಡಿಯೋ ದಾಸ್ತಾನಿದೆ ಎಂದು ಅದು ಹೇಳುತ್ತದೆ. 'ಡ್ರಾಪ್ಡ್ ಫ್ರೇಮ್ಸ್' ಎಂಬ ಅಂಕಿಯನ್ನೂ ಗಮನಿಸಿ. ಟಿವಿ ತೋರಿಸಲಾಗದೆ ಬಿಟ್ಟ ಚಿತ್ರಗಳ ಎಣಿಕೆ ಅದು.

ಹತ್ತು ನಿಮಿಷ ಸುಮ್ನೆ ನೋಡಿ. ಬಫರ್ ಹೆಲ್ತ್ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂದು ಚಕ್ರ ತಿರುಗಿದರೆ ತೊಂದರೆ ನೆಟ್ ಕಡೆಯದು. ಬಫರ್ ಹೆಲ್ತ್ ಮೂವತ್ತು ನಲವತ್ತು ಸೆಕೆಂಡ್ ಇದ್ದೂ ಚಿತ್ರ ತಡವರಿಸುತ್ತಿದ್ದರೆ, ಡ್ರಾಪ್ಡ್ ಫ್ರೇಮ್ಸ್ ಸಂಖ್ಯೆ ಏರುತ್ತಲೇ ಇದ್ದರೆ, ನೆಟ್ ಚೆನ್ನಾಗಿದೆ, ಟಿವಿಗೇ ಕೆಲಸ ಹೊರುವ ಶಕ್ತಿ ಸಾಲುತ್ತಿಲ್ಲ. ಹಾಗಿದ್ದರೆ ನೇರವಾಗಿ ಕೆಳಗಿನ 'ಟಿವಿ ಮತ್ತು ಸ್ಟಿಕ್' ಭಾಗಕ್ಕೆ ಹೋಗಿ.

ಯೂಟ್ಯೂಬ್ ಚೆನ್ನಾಗಿ ಓಡಿ ಬೇರೆ ಒಂದೇ ಒಂದು ಆ್ಯಪ್ ಮಾತ್ರ ನಿಲ್ಲುತ್ತಿದ್ದರೆ ಅನುಮಾನ ಆ ಆ್ಯಪ್‌ನ ಮೇಲೆ ಅಥವಾ ಅದರ ಸರ್ವರ್ ಮೇಲೆ. ಆ್ಯಪ್ ಅಪ್‌ಡೇಟ್ ಮಾಡಿ. ಸರಿಹೋಗದಿದ್ದರೆ ತೆಗೆದು ಮತ್ತೆ ಹಾಕಿ.

ಇಲ್ಲೇ ಒಂದು ಮಾತು. ತಿಂಗಳಿಗೆ ನೂರಿನ್ನೂರು ರೂಪಾಯಿಗೆ ಪ್ರಪಂಚದ ಎಲ್ಲ ಚಾನೆಲ್ ಕೊಡುತ್ತೇವೆ ಎನ್ನುವ ಅನಧಿಕೃತ ಐಪಿಟಿವಿ ಲಿಂಕ್‌ಗಳು ನಿಂತರೆ ಅದಕ್ಕೆ ನಿಮ್ಮ ಮನೆಯಲ್ಲಿ ಔಷಧಿ ಇಲ್ಲ. ಕದ್ದು ಹಂಚುವ ಸರ್ವರ್‌ಗೆ ಹೊರಲಾರದಷ್ಟು ಜನ ಸೇರಿಕೊಂಡಾಗ ಅದು ನಿಲ್ಲುತ್ತದೆ. ಅಂಥ ಆ್ಯಪ್‌ಗಳ ಜೊತೆ ಟಿವಿಯೊಳಗೆ ಏನೆಲ್ಲ ಬಂದು ಕೂರುತ್ತದೆ ಎಂದು ಹೇಳಲಾಗದು. ದಯವಿಟ್ಟು ತೆಗೆದುಹಾಕಿ.

ಎರಡನೇ ಹೆಜ್ಜೆ: ಮೂರು ಜಾಗದಲ್ಲಿ ಅಳತೆ

ಫೋನ್‌ನ ಬ್ರೌಸರ್‌ನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆಯಿರಿ. ಇದು ನೆಟ್‌ಫ್ಲಿಕ್ಸ್‌ನವರ ವೇಗ ಅಳೆಯುವ ತಾಣ. ಅವರ ವಿಡಿಯೋ ಬರುವ ಸರ್ವರ್‌ಗಳಿಂದಲೇ ಅಳೆಯುತ್ತದೆ. ಬೇರೆ ಸ್ಪೀಡ್ ಟೆಸ್ಟ್ ಆ್ಯಪ್‌ಗಳು ಎಷ್ಟೋ ಸಲ ನಿಮ್ಮ ನೆಟ್ ಕಂಪನಿಯೊಳಗೇ ಇರುವ ಸರ್ವರ್ ಹಿಡಿದು ಅಳೆಯುತ್ತವೆ. ಅಲ್ಲಿ ಅಂಕಿ ಚೆಂದ ಬರುತ್ತದೆ, ಟಿವಿಯಲ್ಲಿ ವಿಡಿಯೋ ನಿಲ್ಲುತ್ತದೆ. ಎರಡರಲ್ಲೂ ಅಳೆದು ಬರೆದಿಟ್ಟುಕೊಳ್ಳಿ. ಅಳೆಯುವ ಮುಂಚೆ ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಲು ಮರೆಯಬೇಡಿ.

ಮೊದಲು ರೂಟರ್ ಪಕ್ಕದಲ್ಲೇ ನಿಂತು ಅಳೆಯಿರಿ. ರೂಟರ್ ಎಂದರೆ ವೈಫೈ ಕೊಡುವ ಪೆಟ್ಟಿಗೆ, ಎಷ್ಟೋ ಮನೆಗಳಲ್ಲಿ ಫೈಬರ್ ಮೋಡೆಮ್ಮೇ ರೂಟರ್ ಕೂಡ. ಆಮೇಲೆ ಟಿವಿ ಇರುವ ಜಾಗದಲ್ಲಿ, ಫೋನನ್ನು ಟಿವಿಗೆ ತಾಗಿಸಿಟ್ಟು ಅಳೆಯಿರಿ. ಕೊನೆಗೆ ಟಿವಿಯಲ್ಲೇ ಅಳೆಯಿರಿ. ಟಿವಿಯಲ್ಲಿ ಬ್ರೌಸರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಆ್ಯಪ್ ಅಂಗಡಿಯಿಂದ ಸ್ಪೀಡ್ ಟೆಸ್ಟ್ ಆ್ಯಪ್ ಹಾಕಿಕೊಂಡು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದು, ಅದಕ್ಕೆ ಲ್ಯಾನ್ ಪೋರ್ಟ್ (ನೆಟ್ ವೈರ್ ಸಿಕ್ಕಿಸುವ ಕಿಂಡಿ) ಇದ್ದರೆ, ರೂಟರ್‌ಗೆ ವೈರ್ ಹಾಕಿ ಅಳೆದ ಅಂಕಿ ಎಲ್ಲಕ್ಕಿಂತ ನಂಬಿಕೆಯದು. ಈ ಇಡೀ ಸುತ್ತನ್ನು ಬೆಳಗ್ಗೆ ಆರೇಳು ಗಂಟೆಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಮಾಡಿ.

ಈಗ ಚೀಟಿ ಓದಿ. ರೂಟರ್ ಪಕ್ಕದಲ್ಲಿ 45, ಟಿವಿ ಹತ್ತಿರ 6 ಬಂದರೆ ತಪ್ಪು ವೈಫೈದು. ರೂಟರ್ ಪಕ್ಕದಲ್ಲೂ 6 ಬಂದರೆ ಅನುಮಾನ ಲೈನ್ ಮೇಲೆ. ಟಿವಿ ಹತ್ತಿರ ಫೋನ್‌ಗೆ 40 ಬಂದು ಟಿವಿಯಲ್ಲಿ ಮಾತ್ರ 5 ಬಂದರೆ ಟಿವಿಯ ವೈಫೈ ದುರ್ಬಲ. ಬೆಳಗ್ಗೆ ಎಲ್ಲ ಸರಿ, ರಾತ್ರಿ ಮಾತ್ರ ಕುಸಿತ ಎಂದಾದರೆ ನೆಟ್ ಕಂಪನಿಯ ಕಡೆ ದಟ್ಟಣೆ ಇರಬಹುದು, ಇಲ್ಲವೇ ಅಪಾರ್ಟ್‌ಮೆಂಟಿನ ಎಲ್ಲರ ವೈಫೈ ಒಂದೇ ಹೊತ್ತಿಗೆ ಎದ್ದು ಕೂತಿರಬಹುದು.

ಈ ಕೊನೆಯ ಎರಡನ್ನು ಬೇರೆ ಮಾಡಿ ನೋಡಲು ಒಳ್ಳೆಯ ಉಪಾಯ ಇದೆ. ವಿಂಡೋಸ್ ಲ್ಯಾಪ್‌ಟಾಪನ್ನು ಟಿವಿ ಹತ್ತಿರ ಇಟ್ಟು ವೈಫೈಗೆ ಸೇರಿಸಿ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಸ್ಪೇಸ್ ಬಿಟ್ಟು ರೂಟರ್‌ನ ವಿಳಾಸ ಬರೆಯಿರಿ. ಹೆಚ್ಚಾಗಿ ಅದು 192.168.1.1, ಜಿಯೋ ಆದರೆ 192.168.29.1. ಮತ್ತೆ ಸ್ಪೇಸ್, ಆಮೇಲೆ ಡ್ಯಾಶ್ ಮತ್ತು ಟಿ. ಎಂಟರ್ ಒತ್ತಿದರೆ ಸೆಕೆಂಡಿಗೊಂದು ಸಾಲು ಬರುತ್ತದೆ. ಇದು ನಿಮ್ಮ ಮನೆಯೊಳಗೇ ರೂಟರ್‌ವರೆಗೆ ಹೋಗಿ ಬರುವ ಸಮಯ. ಐದು ಹತ್ತು ಮಿಲಿಸೆಕೆಂಡ್ ಒಳಗೆ ಇರಬೇಕು. ಅದೇ ನೂರು, ಮುನ್ನೂರು ಎಂದು ಹಾರುತ್ತಿದ್ದರೆ, 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬರುತ್ತಿದ್ದರೆ, ನೆಟ್‌ನವರನ್ನು ಬೈಯುವ ಹಾಗಿಲ್ಲ. ತೊಂದರೆ ಮನೆಯೊಳಗಿನ ವೈಫೈನಲ್ಲೇ ಇದೆ. ಇಲ್ಲಿ ಸರಿಯಿದ್ದರೆ ವಿಳಾಸದ ಜಾಗದಲ್ಲಿ 8.8.8.8 (ಹೊರಗಿರುವ ಗೂಗಲ್ ಸರ್ವರ್‌ನ ವಿಳಾಸ) ಹಾಕಿ ನೋಡಿ. ಅದು ಹಾರಿದರೆ ತೊಂದರೆ ಹೊರಗಿನದು.

ಮೂರನೇ ಹೆಜ್ಜೆ: ವೈಫೈ

ನನ್ನ ಪ್ರಕಾರ ಹೆಚ್ಚು ಸಮಯ ಕೊಡಬೇಕಾದ ಭಾಗ ಇದೇ. ಖರ್ಚಿಲ್ಲದೆ ಸರಿಹೋಗುವ ಕೆಲಸಗಳು ಇಲ್ಲೇ ಜಾಸ್ತಿ.

ಮೊದಲು ರೂಟರ್ ಎಲ್ಲಿದೆ ನೋಡಿ. ಫೈಬರ್ ಹಾಕಲು ಬಂದವರು ತಮ್ಮ ವೈರ್ ಎಲ್ಲಿ ಸುಲಭವಾಗಿ ಒಳಗೆ ಬರುತ್ತದೋ ಅಲ್ಲೇ ಮೊಳೆ ಹೊಡೆದು ಹೋಗಿರುತ್ತಾರೆ. ಹೆಬ್ಬಾಗಿಲ ಮೇಲೆ, ಮೀಟರ್ ಬೋರ್ಡ್ ಪಕ್ಕ, ಅಟ್ಟದ ಮೂಲೆ. ಚೆಂದ ಕಾಣಲಿ ಎಂದು ನಾವೂ ಅದನ್ನು ಶೋಕೇಸ್ ಒಳಗೆ ಅಥವಾ ಟಿವಿ ಹಿಂದೆ ತಳ್ಳಿರುತ್ತೇವೆ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ, ಮೀನಿನ ತೊಟ್ಟಿ, ಕಬ್ಬಿಣ ತುಂಬಿದ ಕಾಂಕ್ರೀಟ್ ಕಂಬ ಇವೆಲ್ಲ ವೈಫೈಗೆ ಅಡ್ಡಿ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಹಳೇ ಮನೆಗಳ ಮಣ್ಣಿನ ಗೋಡೆ ದಾಟುವುದೂ ಕಷ್ಟ. ರೂಟರ್ ತೆರೆದ ಜಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಆದಷ್ಟು ಟಿವಿ ಕಾಣುವ ಹಾಗಿರಲಿ. ಫೈಬರ್ ವೈರ್ ಎಳೆಯಲು ಸಾಧ್ಯವಿಲ್ಲದಿದ್ದರೆ ಮೋಡೆಮ್ ಅಲ್ಲೇ ಇರಲಿ. ಅದರಿಂದ ಲ್ಯಾನ್ ವೈರ್ ತಂದು ಇನ್ನೊಂದು ರೂಟರನ್ನು ಹಾಲ್‌ನಲ್ಲಿ ಇಡಬಹುದು.

ಸ್ಟಿಕ್ ಬಳಸುವವರು ಇನ್ನೊಂದನ್ನು ಗಮನಿಸಿ. ಸ್ಟಿಕ್ ಟಿವಿಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಟಿವಿಯ ಲೋಹದ ತಗಡು ಸಿಗ್ನಲ್ ತಡೆಯುತ್ತದೆ, ಬಿಸಿಯೂ ತಾಗುತ್ತದೆ. ಹಲವು ಸ್ಟಿಕ್‌ಗಳ ಪೆಟ್ಟಿಗೆಯಲ್ಲಿ ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಬಂದಿರುತ್ತದೆ. ಅದನ್ನು ಹಾಕಿ ಸ್ಟಿಕ್ಕನ್ನು ಟಿವಿಯ ಅಂಚಿನಿಂದ ಹೊರಗೆ ತಂದರೆ ಸಾಕು, ಸಿಗ್ನಲ್ ಎದ್ದು ಕಾಣುವಷ್ಟು ಏರಬಹುದು.

ಇನ್ನು 2.4 ಮತ್ತು 5 ಗಿಗಾಹರ್ಟ್ಸ್ ವಿಷಯ. ವೈಫೈ ಓಡುವ ಎರಡು ಬೇರೆ ಬೇರೆ ರೇಡಿಯೋ ದಾರಿಗಳಿವು. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ವಿಪರೀತ ಜನಸಂದಣಿ. ಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅಲ್ಲೇ. ಒಂದಕ್ಕೊಂದು ತಾಗದ ಚಾನೆಲ್‌ಗಳು ಅದರಲ್ಲಿ ಮೂರೇ: 1, 6 ಮತ್ತು 11. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಉಳಿದವರು ಕಾಯಬೇಕು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆರೆದರೆ ಇಪ್ಪತ್ತು ಮೂವತ್ತು ವೈಫೈ ಹೆಸರು ಕಾಣುತ್ತವೆ ಅಲ್ವಾ, ಅವುಗಳಲ್ಲಿ 2.4ರವೆಲ್ಲ ಈ ಮೂರು ಜಾಗಕ್ಕೆ ಸ್ಪರ್ಧಿಸುತ್ತಿವೆ. ರಾತ್ರಿ ಮಾತ್ರ ಟಿವಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

5 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗದು, ಆದರೆ ವೇಗ ಜಾಸ್ತಿ, ಜಾಗವೂ ಜಾಸ್ತಿ. ಟಿವಿ ಮತ್ತು ರೂಟರ್ ಒಂದೇ ಕೋಣೆಯಲ್ಲಿ ಅಥವಾ ಪಕ್ಕದ ಕೋಣೆಯಲ್ಲಿದ್ದರೆ ಕಣ್ಣುಮುಚ್ಚಿ 5 ಆರಿಸಿ. ಎಷ್ಟೋ ರೂಟರ್‌ಗಳು ಎರಡಕ್ಕೂ ಒಂದೇ ಹೆಸರಿಟ್ಟಿರುತ್ತವೆ. ಆಗ ಟಿವಿ ತನಗೆ ತೋಚಿದ್ದನ್ನು ಹಿಡಿಯುತ್ತದೆ, ಬಹಳ ಸಲ 2.4 ಅನ್ನೇ. ಇದನ್ನು ಬಿಡಿಸಲು ಬ್ರೌಸರ್‌ನಲ್ಲಿ ರೂಟರ್ ವಿಳಾಸ ಹಾಕಿ ಒಳಗೆ ಹೋಗಿ. ಪಾಸ್‌ವರ್ಡ್ ರೂಟರ್‌ನ ತಳದ ಸ್ಟಿಕ್ಕರ್ ಮೇಲಿರುತ್ತದೆ. ವೈರ್‌ಲೆಸ್ ಭಾಗದಲ್ಲಿ 'ಬ್ಯಾಂಡ್ ಸ್ಟೀರಿಂಗ್' ಅಥವಾ 'ಸ್ಮಾರ್ಟ್ ಕನೆಕ್ಟ್' ಆಫ್ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಟಿವಿಯನ್ನು 5ಕ್ಕೆ ಸೇರಿಸಿ. ಬಲ್ಬು, ಪ್ಲಗ್, ಹಳೇ ಫೋನ್‌ಗಳು 2.4ರಲ್ಲಿರಲಿ.

ಒಳಗೆ ಹೋದ ಮೇಲೆ ಇನ್ನೆರಡು ಬದಲಾವಣೆ ಮಾಡಿ. 2.4ರ ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. 40ಕ್ಕೆ ಇಟ್ಟರೆ ನಿಮಗೂ ನೆರೆಯವರಿಗೂ ತೊಂದರೆ. 5ರ ಚಾನೆಲ್ 36ರಿಂದ 48ರೊಳಗೆ ಅಥವಾ 149ರಿಂದ 161ರೊಳಗೆ ಇರಲಿ. ನಡುವಿನ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೂಟರ್‌ಗೆ ರೇಡಾರ್ ಸುಳಿವು ಸಿಕ್ಕರೆ ಅದು ಚಾನೆಲ್ ಬಿಟ್ಟು ಹೋಗಬೇಕು, ಆ ಕ್ಷಣಕ್ಕೆ ವಿಡಿಯೋ ನಿಲ್ಲುತ್ತದೆ. ಕೆಲವು ಟಿವಿ, ಸ್ಟಿಕ್‌ಗಳಿಗೆ ಆ ಚಾನೆಲ್‌ಗಳು ಕಾಣುವುದೇ ಇಲ್ಲ.

ಆಂಡ್ರಾಯ್ಡ್ ಫೋನ್ ಇದ್ದರೆ ವೈಫೈ ಅನಲೈಸರ್ ಆ್ಯಪ್ ಒಂದನ್ನು ಹಾಕಿಕೊಂಡು ಟಿವಿ ಹತ್ತಿರ ಸಿಗ್ನಲ್ ನೋಡಿ. ಅಂಕಿ ಮೈನಸ್‌ನಲ್ಲಿರುತ್ತದೆ. ಮೈನಸ್ 50 ಆದರೆ ಬಹಳ ಚೆನ್ನ. ಮೈನಸ್ 65ರ ತನಕ ವಿಡಿಯೋಗೆ ತೊಂದರೆ ಇಲ್ಲ. ಮೈನಸ್ 75 ದಾಟಿದರೆ ಯಾವ ಪ್ಲಾನ್ ತಂದರೂ ಚಕ್ರ ತಪ್ಪದು.

ಸ್ಥಳೀಯ ಕೇಬಲ್‌ನವರು ಕೊಡುವ ಕೆಲವು ಮೋಡೆಮ್‌ಗಳಲ್ಲಿ 5 ಗಿಗಾಹರ್ಟ್ಸ್ ಇರುವುದೇ ಇಲ್ಲ. ನಿಮ್ಮದೂ ಅಂಥದ್ದಾಗಿದ್ದರೆ, ಪ್ಲಾನ್‌ಗೆ ಸುರಿಯುವ ದುಡ್ಡನ್ನು 2.4 ಮತ್ತು 5 ಎರಡೂ ಇರುವ ಒಂದು ಡ್ಯುಯಲ್ ಬ್ಯಾಂಡ್ ರೂಟರ್‌ಗೆ ಹಾಕಿ. ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಕೊಳ್ಳುವ ಮುಂಚೆ ಮಾತ್ರ ಯೋಚಿಸಿ. ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುತ್ತದೆ. ಹಾಗಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ಹಾಕಲೇಬೇಕಾದರೆ ಟಿವಿ ಪಕ್ಕ ಇಡಬೇಡಿ. ರೂಟರ್ ಮತ್ತು ಟಿವಿಯ ನಡುವೆ, ಸಿಗ್ನಲ್ ಇನ್ನೂ ಗಟ್ಟಿಯಿರುವ ಜಾಗದಲ್ಲಿ ಇಡಿ.

ಸಾಧ್ಯವಿದ್ದರೆ ವೈರ್ ಹಾಕಿಬಿಡಿ

ಟಿವಿ ಗೋಡೆಗೆ ಮೊಳೆ ಹೊಡೆದು ಕೂತ ವಸ್ತು. ಅದು ಎಲ್ಲಿಗೂ ಓಡಾಡುವುದಿಲ್ಲ. ಅದಕ್ಕೆ ವೈಫೈ ಯಾಕೆ ಬೇಕು? ರೂಟರ್‌ನಿಂದ ಟಿವಿಗೆ ಒಂದು ಲ್ಯಾನ್ ವೈರ್ ಎಳೆದರೆ ಮೇಲೆ ಹೇಳಿದ ಮೂರನೇ ಹೆಜ್ಜೆಯ ಬಹುಪಾಲು ತಲೆನೋವು ಒಂದೇ ಏಟಿಗೆ ಹೋಗುತ್ತದೆ. ನೂರು ಮೀಟರ್ ತನಕ ಈ ವೈರ್ ವೇಗ ಕಳೆದುಕೊಳ್ಳದೆ ಹೋಗುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಳಿ. ಒಳಗೆ ಪೂರ್ತಿ ತಾಮ್ರ ಇರಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ವೈರ್ ಬೇಡ. ಮನೆ ಹೊರಗಿಂದ ಮಹಡಿಗೆ ಎಳೆಯುವುದಾದರೆ ಬಿಸಿಲು ಮಳೆ ತಡೆಯುವ ಔಟ್‌ಡೋರ್ ವೈರ್ ತೆಗೆದುಕೊಳ್ಳಿ.

ವೈರ್ ಹಾಕಿದ ಮೇಲೆ "ನಮ್ಮದು 200ರ ಪ್ಲಾನ್, ಟಿವಿಯಲ್ಲಿ 94 ಮಾತ್ರ ತೋರಿಸುತ್ತದೆ" ಎಂದು ಗಾಬರಿ ಬೀಳಬೇಡಿ. ಹೆಚ್ಚಿನ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು. 4ಕೆ ವಿಡಿಯೋಗೆ ಅಷ್ಟು ಸಾಕು. ಫೈರ್ ಟಿವಿ ಸ್ಟಿಕ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲ, ಆದರೆ ಅದಕ್ಕೆಂದೇ ಚಿಕ್ಕ ಅಡಾಪ್ಟರ್ ಸಿಗುತ್ತದೆ.

ಟಿವಿ ಮತ್ತು ಸ್ಟಿಕ್

ರಿಮೋಟ್‌ನಲ್ಲಿ ಆಫ್ ಮಾಡಿದರೆ ಟಿವಿ ಪೂರ್ತಿ ಆಫ್ ಆಗುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೇ. ಗೋಡೆಯ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಹಾಕಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಟಿವಿ ಆಫ್ ಆಗಿ ಮತ್ತೆ ಲೋಗೋ ಬರುತ್ತದೆ, ಅದು ನಿಜವಾದ ರೀಸ್ಟಾರ್ಟ್. ಫೈರ್ ಟಿವಿಯಲ್ಲಿ ನಡುವಿನ ಸೆಲೆಕ್ಟ್ ಬಟನ್ ಮತ್ತು ಪ್ಲೇ ಬಟನ್ ಎರಡನ್ನೂ ಐದು ಸೆಕೆಂಡ್ ಒಟ್ಟಿಗೆ ಒತ್ತಿ ಹಿಡಿಯಿರಿ.

ಆಮೇಲೆ ಸ್ಟೋರೇಜ್ ನೋಡಿ. 8 ಜಿಬಿಯ ಟಿವಿ, ಸ್ಟಿಕ್‌ಗಳಲ್ಲಿ ನಮಗೆ ಸಿಗುವ ಜಾಗ ಅದಕ್ಕಿಂತ ಬಹಳ ಕಡಿಮೆ. ಬಳಸದ ಆ್ಯಪ್‌ಗಳನ್ನು ತೆಗೆಯಿರಿ. ಉಳಿದ ಆ್ಯಪ್‌ಗಳ ಕ್ಯಾಶ್ (ತಾತ್ಕಾಲಿಕವಾಗಿ ಕೂಡಿಟ್ಟ ಕಡತಗಳು) ಅಳಿಸಿ. 'ಕ್ಲಿಯರ್ ಡೇಟಾ' ಒತ್ತಿದರೆ ಮತ್ತೆ ಲಾಗಿನ್ ಆಗಬೇಕಾಗುತ್ತದೆ, 'ಕ್ಲಿಯರ್ ಕ್ಯಾಶ್' ಸಾಕು.

ಸ್ಟಿಕ್ಕಿಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ? ಟಿವಿಯ ಯುಎಸ್‌ಬಿ ಪೋರ್ಟ್‌ನಿಂದ ಕೊಟ್ಟಿದ್ದರೆ ಬದಲಿಸಿ. ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ ಅರ್ಧ ಆಂಪಿಯರ್‌ಗೆ ಮಾಡಿದ್ದು, 4ಕೆ ಓಡಿಸುವಾಗ ಸ್ಟಿಕ್‌ಗೆ ಅದು ಸಾಲದೇ ಹೋಗಬಹುದು. ಜೊತೆಗೆ ಬಂದ ಅಡಾಪ್ಟರ್ ಹಾಕಿ.

ಏಳೆಂಟು ವರ್ಷ ಹಳೆಯ ಸ್ಮಾರ್ಟ್ ಟಿವಿ ಆಗಿದ್ದರೆ, ಪ್ಯಾನೆಲ್ ಚೆನ್ನಾಗಿದ್ದರೂ ಒಳಗಿನ ಪ್ರೊಸೆಸರ್ ಈಗಿನ ಆ್ಯಪ್‌ಗಳಿಗೆ ಸೋಲುತ್ತದೆ. ಅದಕ್ಕಾಗಿ ಹೊಸ ಟಿವಿ ತರಬೇಡಿ. ಒಂದು ಸ್ಟಿಕ್ ಹಾಕಿ, ಟಿವಿಯನ್ನು ಬರೀ ಪರದೆಯಾಗಿ ಬಳಸಿ.

ಮನೆಯಲ್ಲಿ ಇನ್ಯಾರು ಎಳೆಯುತ್ತಿದ್ದಾರೆ?

ಡೌನ್‌ಲೋಡ್ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಅಪ್‌ಲೋಡ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮದುವೆಯ ಫೋಟೋ, ವಿಡಿಯೋ ತುಂಬಿದ ಫೋನ್ ಮನೆಗೆ ಬಂದು ವೈಫೈ ಹಿಡಿದ ಕೂಡಲೇ ಎಲ್ಲವನ್ನೂ ಗೂಗಲ್ ಫೋಟೋಸ್‌ಗೆ ಏರಿಸತೊಡಗುತ್ತದೆ. ಅಂಗಳದ ಸಿಸಿಟಿವಿ ಹಗಲಿರುಳು ಕ್ಲೌಡ್‌ಗೆ ಕಳಿಸುತ್ತಿರುತ್ತದೆ. ಅಪ್‌ಲೋಡ್ ದಾರಿ ತುಂಬಿಹೋದರೆ "ಮುಂದಿನ ತುಣುಕು ಕಳಿಸಿ" ಎಂಬ ಟಿವಿಯ ಚಿಕ್ಕ ಬೇಡಿಕೆಯೂ ಸಾಲಿನಲ್ಲಿ ಕಾಯುತ್ತದೆ. ಡೌನ್‌ಲೋಡ್ ಖಾಲಿ ಇದ್ದರೂ ವಿಡಿಯೋ ನಿಲ್ಲುತ್ತದೆ. ಮನೆಗೆ ವೈರ್ ಇಲ್ಲದೆ ಬರುವ, ಅಪ್‌ಲೋಡ್ ಕಡಿಮೆ ಇರುವ ಏರ್‌ಫೈಬರ್ ಸಂಪರ್ಕಗಳಲ್ಲಿ ಇದು ಇನ್ನೂ ಜಾಸ್ತಿ ಕಾಣುತ್ತದೆ.

ಪತ್ತೆ ಮಾಡುವುದು ಸುಲಭ. ಟಿವಿ ಬಿಟ್ಟು ಉಳಿದ ಎಲ್ಲದರ ವೈಫೈ ಆಫ್ ಮಾಡಿ. ವಿಡಿಯೋ ಸರಿಯಾಗಿ ಓಡಿತೇ? ಈಗ ಒಂದೊಂದಾಗಿ ಸೇರಿಸುತ್ತಾ ಬನ್ನಿ. ತಪ್ಪಿತಸ್ಥ ಸಿಕ್ಕಾಗ ಅದರ ಬ್ಯಾಕಪ್ ಸಮಯ ಬದಲಿಸಿ, ಕ್ಯಾಮೆರಾ ಆದರೆ ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಆಗುವಂತೆ ಮಾಡಿ. ರೂಟರ್‌ನಲ್ಲಿ 'ಕ್ಯುಓಎಸ್' ಎಂಬ ಆಯ್ಕೆ ಇದ್ದರೆ ಟಿವಿಗೆ ಮೊದಲ ಆದ್ಯತೆ ಕೊಡಿ.

ಹೊರಗಿನ ಲೈನ್

ರೂಟರ್ ಪಕ್ಕದಲ್ಲೇ ವೇಗ ಇಲ್ಲ ಎಂದಾದರೆ ಮೋಡೆಮ್‌ನ ದೀಪಗಳನ್ನು ನೋಡಿ. 'ಪಾನ್' ದೀಪ ಹಸಿರಾಗಿ ನಿಂತಿರಬೇಕು. 'ಎಲ್‌ಓಎಸ್' ದೀಪ ಕೆಂಪಾಗಿ ಮಿನುಗಿದರೆ ಫೈಬರ್‌ನ ಬೆಳಕು ಸರಿಯಾಗಿ ತಲುಪುತ್ತಿಲ್ಲ. ಹಳದಿ ಪ್ಯಾಚ್ ಕಾರ್ಡ್ ಎಲ್ಲಾದರೂ ಚೂಪಾಗಿ ಬಾಗಿದೆಯಾ, ಸೋಫಾ ಅಥವಾ ಬಾಗಿಲ ಸಂದಿಗೆ ಸಿಕ್ಕಿದೆಯಾ ನೋಡಿ. ಫೈಬರ್ ಒಳಗಿರುವುದು ಗಾಜು. ಬಾಗಿದರೆ ಬೆಳಕು ಹೊರಗೆ ಸೋರುತ್ತದೆ. ಕನೆಕ್ಟರ್ ಕಿತ್ತು ಅದರ ತುದಿಯನ್ನು ಬೆರಳಿನಿಂದ ಒರೆಸಬೇಡಿ. ತುದಿಯನ್ನು ಕಣ್ಣ ಹತ್ತಿರ ತಂದು ನೋಡಲೇಬೇಡಿ. ಅದರಲ್ಲಿ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ರೂಟರ್ ಪುಟದಲ್ಲಿ 'ಆಪ್ಟಿಕಲ್ ಪವರ್' ಅಥವಾ 'ಆರ್‌ಎಕ್ಸ್ ಪವರ್' ಎಂಬ ಅಂಕಿ ಇರುತ್ತದೆ. ಮೈನಸ್ 15ರಿಂದ ಮೈನಸ್ 24ರ ತನಕ ಇದ್ದರೆ ಆರಾಮ. ಮೈನಸ್ 27 ದಾಟಿದರೆ ಮೋಡೆಮ್ ಬೆಳಕನ್ನು ಓದಲು ಒದ್ದಾಡುತ್ತಿದೆ ಎಂದರ್ಥ. ಲೈನ್ ನೋಡಲು ಬಂದವರ ಹತ್ತಿರ "ಅಣ್ಣಾ, ಪವರ್ ಎಷ್ಟು ಡಿಬಿ ಬರ್ತಿದೆ?" ಎಂದು ಕೇಳಿ. ಅವರ ಬಳಿ ಅಳೆಯುವ ಮೀಟರ್ ಇರುತ್ತದೆ. ಈ ಪ್ರಶ್ನೆ ಕೇಳಿದ ಮೇಲೆ ಮಾತುಕತೆಯ ಧಾಟಿಯೇ ಬೇರೆಯಾಗುತ್ತದೆ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಕಥೆ ಬೇರೆ. ಕರೆಂಟ್ ಕಂಬದಿಂದ ಕಂಬಕ್ಕೆ, ತೋಟದ ಮರದಿಂದ ಮರಕ್ಕೆ ಕಟ್ಟಿದ ಫೈಬರ್ ಮೇಲೆ ಕೊಂಬೆ ಬೀಳುತ್ತದೆ. ಜಾಯಿಂಟ್ ಡಬ್ಬಿಯೊಳಗೆ ನೀರು ಇಳಿಯುತ್ತದೆ. ಅಳಿಲು, ಮಂಗಗಳ ಕಾಟ ಬೇರೆ. ಮಳೆ ಬಂದಾಗ ಮಾತ್ರ ವೇಗ ಕುಸಿಯುತ್ತಿದ್ದರೆ ಅದನ್ನು ತಾರೀಕು, ಸಮಯದ ಸಮೇತ ಬರೆದಿಡಿ. ಜಾಯಿಂಟ್ ತೆಗೆದು ಹೊಸದಾಗಿ ಮಾಡಿಸಲು ಕೇಳಿ. ಕರೆಂಟ್ ಆಗಾಗ ಮಿಣುಕ್ ಎನ್ನುವ ಊರಾದರೆ ಮೋಡೆಮ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿ. ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ಮೋಡೆಮ್ ಮತ್ತೆ ಎದ್ದು ಲೈನ್ ಹಿಡಿಯಲು ಎರಡು ಮೂರು ನಿಮಿಷ ಬೇಕು.

ಪ್ಲಾನ್‌ನ ಮಿತಿ, ಡಿಎನ್‌ಎಸ್, ವಿಪಿಎನ್

ತಿಂಗಳ ಕೊನೆಯ ವಾರದಲ್ಲಿ ಮಾತ್ರ ನಿಧಾನವಾದರೆ ಡೇಟಾ ಮಿತಿ ಮುಗಿದಿರಬಹುದು. 'ಅನ್‌ಲಿಮಿಟೆಡ್' ಎಂದರೂ ಹಲವು ಪ್ಲಾನ್‌ಗಳಿಗೆ 3300 ಜಿಬಿಯಂಥ ಮಿತಿ ಇರುತ್ತದೆ, ಅಗ್ಗದವುಗಳಿಗೆ ಇನ್ನೂ ಕಡಿಮೆ. ನೆಟ್‌ಫ್ಲಿಕ್ಸ್ ಗಂಟೆಗೆ ಎಚ್‌ಡಿಯಲ್ಲಿ 3 ಜಿಬಿ, 4ಕೆಯಲ್ಲಿ 7 ಜಿಬಿ ತನಕ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ 4ಕೆ ನೋಡಿದರೆ ತಿಂಗಳಿಗೆ 840 ಜಿಬಿ. ಕಂಪನಿಯ ಆ್ಯಪ್‌ನಲ್ಲಿ ಬಳಕೆ ನೋಡಿಕೊಳ್ಳಿ.

ಡಿಎನ್‌ಎಸ್ ಬದಲಿಸಿದರೆ ಬಫರಿಂಗ್ ಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಡಿಎನ್‌ಎಸ್ ಸರ್ವರ್‌ನ ವಿಳಾಸ ಹುಡುಕಿಕೊಡುತ್ತದೆ ಅಷ್ಟೇ, ವಿಡಿಯೋ ಹೊತ್ತು ತರುವುದಿಲ್ಲ. ಕೆಲವೊಮ್ಮೆ ಬೇರೆ ಡಿಎನ್‌ಎಸ್ ನಿಮ್ಮನ್ನು ದೂರದ ಸರ್ವರ್‌ಗೆ ಕಳಿಸಿ ಇನ್ನಷ್ಟು ಕೆಡಿಸಬಹುದು. ಆ್ಯಪ್ ತೆರೆಯುವುದೇ ನಿಧಾನ ಆದರೆ ಮಾತ್ರ ಪ್ರಯತ್ನಿಸಿ, ಗುಣ ಕಾಣದಿದ್ದರೆ ಹಿಂದಿನದಕ್ಕೇ ಮರಳಿ. ಟಿವಿಯಲ್ಲಿ ವಿಪಿಎನ್ (ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸಿ ತರುವ ಆ್ಯಪ್) ಓಡುತ್ತಿದ್ದರೆ ಮೊದಲು ಅದನ್ನು ಆಫ್ ಮಾಡಿ.

ಕ್ರಿಕೆಟ್ ಮಾತ್ರ ನಿಲ್ಲುತ್ತದೆ ಎನ್ನುವವರಿಗೆ

ಸಿನಿಮಾ ಆದರೆ ಟಿವಿ ಒಂದೆರಡು ನಿಮಿಷದಷ್ಟು ಮುಂದಿನದನ್ನು ತರಿಸಿಡಬಹುದು. ನೇರಪ್ರಸಾರದಲ್ಲಿ ಮುಂದಿನ ಚೆಂಡು ಇನ್ನೂ ಎಸೆದೇ ಇಲ್ಲ, ತರಿಸಿಡುವುದು ಏನನ್ನು? ದಾಸ್ತಾನು ಕೆಲವೇ ಸೆಕೆಂಡ್. ಹಾಗಾಗಿ ಸಿನಿಮಾದಲ್ಲಿ ಗೊತ್ತೇ ಆಗದ ಚಿಕ್ಕ ಅಡಚಣೆ ಪಂದ್ಯದಲ್ಲಿ ಚಕ್ರವಾಗಿ ಕಾಣುತ್ತದೆ. ಜೊತೆಗೆ ಜನಸಂದಣಿ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡುತ್ತಿದ್ದರು.

ಇಲ್ಲಿ ಎರಡು ಉಪಾಯ ಕೆಲಸ ಮಾಡುತ್ತವೆ. ಗುಣಮಟ್ಟವನ್ನು 'ಆಟೋ'ದಲ್ಲಿ ಬಿಡದೆ ಒಂದು ಮೆಟ್ಟಿಲು ಕೆಳಗೆ, ಫುಲ್ ಎಚ್‌ಡಿ ಅಥವಾ ಎಚ್‌ಡಿಗೆ ನಿಲ್ಲಿಸಿ. ಆ್ಯಪ್ ಬಿಟ್ಟರೆ ಒಂದು ನಿಮಿಷ ಹಿಂದಕ್ಕೆ ಎಳೆದು ಅಲ್ಲಿಂದ ನೋಡಿ. ಆಗ ಟಿವಿಗೆ ತರಿಸಿಟ್ಟುಕೊಳ್ಳಲು ಒಂದು ನಿಮಿಷದ ಅವಕಾಶ ಸಿಗುತ್ತದೆ. ಸಿಕ್ಸರ್‌ನ ಕೂಗು ಪಕ್ಕದ ಮನೆಯಿಂದ ಮೊದಲು ಕೇಳುತ್ತದೆ, ಅದೊಂದು ನಷ್ಟ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್‌ನಲ್ಲೇ ಸರಿಮಾಡಿಕೊಡುವುದಾದರೆ

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೂತು ಮಕ್ಕಳು ಈ ಕೆಲಸ ಮಾಡಬೇಕಾಗುತ್ತದೆ. "ರೂಟರ್ ಪುಟ ತೆರೀರಿ" ಎಂದು ಶುರುಮಾಡಬೇಡಿ. ಮೊದಲು ಮೋಡೆಮ್‌ನ ದೀಪಗಳ ಫೋಟೋ ತರಿಸಿ. ಆಮೇಲೆ ರೂಟರ್ ಇರುವ ಗೋಡೆ ಮತ್ತು ಟಿವಿ ಇರುವ ಗೋಡೆ ಎರಡೂ ಕಾಣುವಂತೆ ವಿಡಿಯೋ ಕಾಲ್ ಮಾಡಿಸಿ. ಆ ಕಾಲನ್ನು ವೈಫೈನಲ್ಲೇ ಮಾಡಿ, ರೂಟರ್ ಹತ್ತಿರದಿಂದ ಟಿವಿ ಹತ್ತಿರ ನಡೆಯಲು ಹೇಳಿ. ಚಿತ್ರ ಎಲ್ಲಿ ಒಡೆಯುತ್ತದೋ ಸಿಗ್ನಲ್ ಅಲ್ಲಿ ಸಾಯುತ್ತಿದೆ. ಸ್ಪೀಡ್ ಟೆಸ್ಟ್ ಅರ್ಥವಾಗದವರಿಗೂ ಈ ಪರೀಕ್ಷೆ ಸಲೀಸು. ಮುಂದಿನ ಸಲ ಊರಿಗೆ ಹೋದಾಗ ಟಿವಿಗೆ ವೈರ್ ಎಳೆದು ಬನ್ನಿ.

ತಪ್ಪು ಕಂಪನಿಯದೇ ಎಂದು ಖಾತ್ರಿಯಾದ ಮೇಲೆ

ಈಗ ನಿಮ್ಮ ಕೈಯಲ್ಲಿ ಚೀಟಿ ಇದೆ: ವೈರ್ ಹಾಕಿ ಅಳೆದ ವೇಗ, ಬೆಳಗಿನ ಮತ್ತು ರಾತ್ರಿಯ ಅಂಕಿ, ಪಿಂಗ್ ಹಾರಿದ ಸಮಯ, ಆಪ್ಟಿಕಲ್ ಪವರ್. "ನೆಟ್ ಸ್ಲೋ" ಎಂದು ಹೇಳಬೇಡಿ. "ರಾತ್ರಿ 9ಕ್ಕೆ ವೈರ್‌ನಲ್ಲಿ 4 ಎಂಬಿಪಿಎಸ್ ಬರುತ್ತಿದೆ, ಪ್ಲಾನ್ 50ರದು" ಎಂದು ಹೇಳಿ. ಬಾಯಿಮಾತಿನಲ್ಲಿ ಬಿಡದೆ ದೂರು ಸಂಖ್ಯೆ ಕೇಳಿ ಬರೆದುಕೊಳ್ಳಿ. ಸರಿಮಾಡದೇ ದೂರು ಮುಚ್ಚಿದರೆ ದೊಡ್ಡ ಕಂಪನಿಗಳಲ್ಲಿ ಮೇಲ್ಮನವಿ ಪ್ರಾಧಿಕಾರ ಇರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ 30 ದಿನದೊಳಗೆ ಅಲ್ಲಿಗೆ ಮೇಲ್ಮನವಿ ಹಾಕಬಹುದು. ಅವರು 39 ದಿನದೊಳಗೆ ತೀರ್ಮಾನಿಸಬೇಕು. ಇದಕ್ಕೆ ಶುಲ್ಕ ಇಲ್ಲ. ವಿಳಾಸ ಕಂಪನಿಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಸ್ಥಳೀಯ ಆಪರೇಟರ್ ಆಗಿದ್ದು ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕರೆ ಮಾಡುವಾಗ ಕಳೆದ ಮೂರು ತಿಂಗಳ ಬಿಲ್ಲು ಮತ್ತು ಆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ.